ಒಂದು ಹೆಜ್ಜೆ ಹಿಂದೆ ಬಿದ್ದ ಚೆಂಡು

ಹಸಿರು ಅಂಗಿಯನ್ನು ಸರ್ ನನ್ನತ್ತ ಎಸೆದಾಗ ನಾನು ಹಿಡಿಯಲಿಲ್ಲ. ಅದು ಎದೆಗೆ ತಾಗಿ ಸಿಂಧನೂರಿನ ನಮ್ಮ ಕಾಲೇಜು ಮೈದಾನದ ಮಣ್ಣಿಗೆ ಬಿತ್ತು. ತಂಡದ ಉಳಿದವರೆಲ್ಲರದೂ ನೀಲಿ ಅಂಗಿ. ವಾಲಿಬಾಲ್‌ನಲ್ಲಿ ಬೇರೆ ಬಣ್ಣದ ಅಂಗಿ ಹಾಕುವವನು ಒಬ್ಬನೇ, ಅವನಿಗೆ ಲಿಬೆರೋ ಎನ್ನುತ್ತಾರೆ. ಎದುರಾಳಿಯ ಸರ್ವಿಸ್ ನೆಲಕ್ಕೆ ಬೀಳದಂತೆ ಎತ್ತಿ ಸೆಟ್ಟರ್‌ಗೆ ಕೊಡುವುದು ಅವನ ಕೆಲಸ. ಸ್ಮ್ಯಾಶ್ ಹೊಡೆಯುವಂತಿಲ್ಲ, ನೆಟ್ ಹತ್ತಿರ ಹಾರಿ ತಡೆಯುವಂತಿಲ್ಲ. ಹಿಂದೆ ನಿಂತು, ಬಾಗಿ, ಬಿದ್ದು, ಎದ್ದು, ಚೆಂಡನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದರೆ ಅವನ ಕೆಲಸ ಮುಗಿಯಿತು.

ಮೂರು ವರ್ಷದಿಂದ ಆ ಇನ್ನೊಬ್ಬ ನಾನಾಗಿದ್ದೆ. ಸೆಟ್ಟರ್‌ನ ಕೈಗೆ ಬಂದ ಮೇಲೆಯೇ ಆಟಕ್ಕೆ ಒಂದು ದಿಕ್ಕು. ಎಡಕ್ಕೆ ಎತ್ತಬೇಕೋ, ಬಲಕ್ಕೋ, ನಡುವಿನವನಿಗೆ ಗಿಡ್ಡಕ್ಕೆ ಕೊಡಬೇಕೋ ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ನನಗಿಂತ ಎತ್ತರದ ಐದು ಜನ ನನ್ನ ಬೆರಳು ನೋಡಿಕೊಂಡು ಓಡುತ್ತಿದ್ದರು. ಆ ರುಚಿ ಹತ್ತಿದವನಿಗೆ ಬೇರೇನೂ ಹಿಡಿಸುವುದಿಲ್ಲ.

"ಎತ್ಕೋ ಅದನ್ನ," ಎಂದರು ಸರ್.

"ನಾ ಸೆಟ್ಟರ್ ಅದೀನ್ರಿ ಸರ್."

"ನಿನ್ನೆ ಮಟ ಇದ್ದಿ."

ಸರ್ ಲಿಂಗಸುಗೂರಿನವರು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿ ನಿವೃತ್ತರಾದವರು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಸಿಂಧನೂರಿಗೆ ಬಂದು, ಬಿಡಿಗಾಸೂ ಕೇಳದೆ ನಮಗೆ ಆಟ ಕಲಿಸುತ್ತಿದ್ದರು. ಟೀವಿಯಲ್ಲಿ ಬರುವ ವೃತ್ತಿಪರ ಲೀಗಿನ ಆಯ್ಕೆ ಶಿಬಿರ ಆರು ತಿಂಗಳ ನಂತರ ಹೈದರಾಬಾದಿನಲ್ಲಿ ಇತ್ತು. ಆ ಶಿಬಿರಕ್ಕೆ ವಯಸ್ಸಿನ ಮಿತಿ ಇತ್ತು. ನನಗೆ ಉಳಿದಿದ್ದು ಆ ವರ್ಷ ಮತ್ತು ಮುಂದಿನ ವರ್ಷ. ನನ್ನನ್ನು ಅಲ್ಲಿಗೆ ಮುಟ್ಟಿಸಬೇಕೆಂದು ಸರ್ ಹಟ ಹಿಡಿದಿದ್ದರು, ನಾನು ಅವರಿಗಿಂತ ಹೆಚ್ಚು ಹಟ ಹಿಡಿದಿದ್ದೆ.

"ಐದು ಫೂಟ್ ಏಳಿಂಚು ನೀ," ಎಂದರು. "ಸೆಟ್ಟರ್ ಅಂದ್ರ ಬರೇ ಎತ್ತೂದಲ್ಲ. ಮುಂದಿನ ಸಾಲಿಗೆ ಬಂದಾಗ ತಡಿಯಾಕ ಹಾರಬೇಕು. ಅಲ್ಲಿ ಬರವ್ರು ನಿನ್ನ ತಲಿ ಮ್ಯಾಲಿಂದ ಚಾ ಕುಡಕೊಂತ ಹೊಡಿತಾರ. ಲಿಬೆರೋನ ಎತ್ತರ ಯಾರೂ ಕೇಳಂಗಿಲ್ಲ. ನಿನಗ ಅದೊಂದ ಬಾಗಲಾ ತೆರದೈತಿ. ಹೋಗ್ತಿದ್ರ ಅದ್ರಾಗ ಹೋಗು."

"ಮತ್ತ ಎತ್ತವ್ರು ಯಾರ್ರಿ?"

ಸರ್ ನೆಟ್ ಕಡೆ ನೋಡಿದರು. ಅಲ್ಲಿ ಒಬ್ಬ ನೆಟ್ ಹಗ್ಗವನ್ನು ಕಂಬಕ್ಕೆ ಕಟ್ಟುತ್ತಿದ್ದ. ಉಳಿದವರಿಗೆ ಕುರ್ಚಿ ಬೇಕಾಗುವ ಕೆಲಸವನ್ನು ನೆಲದ ಮೇಲೆ ನಿಂತೇ ಮಾಡುತ್ತಿದ್ದ. ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹುಡುಗ, ಆರಡಿ ಮೂರಿಂಚು, ನನಗಿಂತ ಒಂದು ವರ್ಷ ಹಿಂದಿನ ತರಗತಿ. ಮನಸ್ಸಿನಲ್ಲಿ ನಾನು ಅವನಿಗೆ ಇಟ್ಟ ಹೆಸರು ಉದ್ದನಾವ. ಎತ್ತುವಾಗ ಹೆಬ್ಬೆರಳು ಹಣೆ ಕಡೆ ತಿರುಗಿರಬೇಕು, ಚೆಂಡು ಅಂಗೈಗೆ ತಾಗಬಾರದು ಎಂದು ಹಿಂದಿನ ವರ್ಷ ಅವನ ಬೆರಳು ಹಿಡಿದು ಕಲಿಸಿದವನು ನಾನೇ. ಆಗ ಅವನು ಬದಲಿ ಆಟಗಾರ, ನನಗೆ ನೀರಿನ ಬಾಟಲಿ ತಂದುಕೊಡುತ್ತಿದ್ದ. ಕಲಿಸುವುದರಿಂದ ನನಗೆ ದೊಡ್ಡಸ್ತಿಕೆ ಬರುತ್ತಿತ್ತು, ಅದಕ್ಕೇ ಕಲಿಸಿದ್ದೆ.

ಅಂಗಿ ಎತ್ತಿಕೊಂಡೆ. ನನ್ನ ಹೊಟ್ಟೆಯೊಳಗೆ ಆವತ್ತು ಹತ್ತಿದ ಕಿಚ್ಚಿಗೆ ಬೇರೆ ಹೆಸರು ಕೊಡುವುದಿಲ್ಲ. ಅದು ಹೊಟ್ಟೆಕಿಚ್ಚೇ.

ಸೆಟ್ಟರ್ ಆಗಿದ್ದವನು ಲಿಬೆರೋ ಆಗುವುದೆಂದರೆ ದೇಹವನ್ನು ಬಿಚ್ಚಿ ಮತ್ತೆ ಹೊಲಿಸಿದಂತೆ. ಸೆಟ್ಟರ್ ಚೆಂಡನ್ನು ಹಣೆಯ ಮೇಲೆ ಕಾಯುತ್ತಾನೆ. ಲಿಬೆರೋ ಅದನ್ನು ಮೊಣಕಾಲಿನ ಹತ್ತಿರ ಕಾಯಬೇಕು. ಎರಡೂ ಮುಂಗೈ ಜೋಡಿಸಿ ಒಂದು ಹಲಗೆ ಮಾಡಬೇಕು. ಹಲಗೆಯನ್ನು ಬೀಸಬಾರದು, ಭುಜ ವಾಲಿಸಿ ದಿಕ್ಕು ಕೊಡಬೇಕು. ತಿರುಗದೆ ಬರುವ ಸರ್ವಿಸ್ ಎಲ್ಲಕ್ಕಿಂತ ಕೆಟ್ಟದ್ದು. ಅದು ಗಾಳಿಯಲ್ಲಿ ನಡುಗುತ್ತ ಬಂದು ಕೊನೆಯ ಗಳಿಗೆಯಲ್ಲಿ ಎತ್ತಲೋ ಜಾರುತ್ತದೆ. ಮೊದಲ ವಾರ ನನ್ನ ಮುಂಗೈ ನೇರಳೆ ಬಣ್ಣಕ್ಕೆ ತಿರುಗಿತು.

ಅದಕ್ಕಿಂತ ದೊಡ್ಡ ತೊಂದರೆ ಬೀಳುವುದರಲ್ಲಿತ್ತು. ಎಟುಕದ ಚೆಂಡಿಗೆ ಮೈ ಚೆಲ್ಲಿ ಹಾರಬೇಕು. ನಮ್ಮ ಮೈದಾನ ಗರಸು ಹಾಕಿ ಗಟ್ಟಿ ಮಾಡಿದ್ದು. ಎರಡು ಸಲ ಗದ್ದ ಕಿತ್ತುಹೋದ ಮೇಲೆ ನನ್ನ ಮೈ ತಾನೇ ಹಿಂದೆ ಸರಿಯತೊಡಗಿತು. ಆಗ ಸರ್ ಒಂದು ಉಪಾಯ ಮಾಡಿದರು. ಅವರ ಗೆಳೆಯರ ರೈಸ್ ಮಿಲ್ಲಿನ ಹಿಂದೆ ಭತ್ತದ ಹೊಟ್ಟು ಗುಡ್ಡೆ ಬಿದ್ದಿತ್ತು. ಅದನ್ನು ಮೊಣಕಾಲುದ್ದ ಹರಡಿಸಿ, ಮೇಲೆ ತಾಡಪತ್ರಿ ಹಾಸಿ, ಎದುರಿಗೆ ಟ್ರ್ಯಾಕ್ಟರಿನ ಟ್ರೇಲರ್ ನಿಲ್ಲಿಸಿದರು. ಟ್ರೇಲರ್ ಮೇಲೆ ಅವರು ನಿಂತು ಹೊಡೆಯುವುದು, ಕೆಳಗೆ ನಾನು ಬಿದ್ದು ಎತ್ತುವುದು. ತಾಡಪತ್ರಿಯ ಸಂದಿಯಿಂದ ಹೊಟ್ಟು ಚಡ್ಡಿಯೊಳಗೆ ಹೊಕ್ಕು, ಸ್ನಾನ ಮಾಡಿದರೂ ತುರಿಕೆ ಹೋಗುತ್ತಿರಲಿಲ್ಲ. ಮಿಲ್ಲಿನ ಹಮಾಲರು ಚೀಲ ಇಳಿಸಿ ನಿಂತು ನೋಡುತ್ತಿದ್ದರು.

"ಏನ್ ತಪ್ಪು ಮಾಡ್ಯಾನ್ರೀ ಮಾಸ್ತರ್ರ ಈ ಹುಡುಗ?" ಎಂದು ಒಬ್ಬ ಹಮಾಲ ಒಮ್ಮೆ ನಿಜವಾಗಿಯೂ ಕೇಳಿದ.

"ಗಿಡ್ಡ ಹುಟ್ಯಾನ," ಎಂದರು ಸರ್.

ಇಷ್ಟಾದ ಮೇಲೆ ಗುರಿ. ನೆಟ್ ಪಕ್ಕದಲ್ಲಿ, ಸೆಟ್ಟರ್ ನಿಲ್ಲುವ ಜಾಗಕ್ಕೆ, ಸುಣ್ಣದಲ್ಲಿ ಒಂದು ಚಕ್ರ ಬರೆದು ಅದರಲ್ಲಿ ಸ್ಟೂಲಿಟ್ಟು, ಸ್ಟೂಲಿನ ಮೇಲೆ ಬಿದಿರಿನ ಬುಟ್ಟಿ ಇಟ್ಟರು. ಎಲ್ಲಿಂದ ಎತ್ತಿದರೂ ಚೆಂಡು ಬುಟ್ಟಿಗೆ ಬೀಳಬೇಕು. ಎರಡನೇ ತಿಂಗಳು ಹತ್ತಕ್ಕೆ ನಾಲ್ಕು ಬೀಳುತ್ತಿತ್ತು. ನಾಲ್ಕನೇ ತಿಂಗಳಿಗೆ ಒಂಬತ್ತು. ಸರ್ ಯಾರನ್ನೂ ಹೊಗಳುವವರಲ್ಲ. ಆ ದಿನ ಮಾತ್ರ ತಮ್ಮ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿಕೊಟ್ಟರು.

ಬುಟ್ಟಿ ತೆಗೆದು ಆ ಚಕ್ರದಲ್ಲಿ ಉದ್ದನಾವನನ್ನು ನಿಲ್ಲಿಸಿದಾಗ ಲೆಕ್ಕ ತಪ್ಪಿತು.

ಮೊದಲ ದಿನ ಅದು ಬೇಕೆಂದು ಮಾಡಿದ್ದಲ್ಲ, ಆಣೆ ಮಾಡಿ ಹೇಳಬಲ್ಲೆ. ನನ್ನ ಪಾಸ್ ಚಕ್ರದಿಂದ ಒಂದು ಹೆಜ್ಜೆ ಹಿಂದೆ ಬಿತ್ತು. ಅವನು ಹಿಂದೆ ಸರಿದು, ಬೆನ್ನು ಬಾಗಿಸಿ, ಕಷ್ಟದಲ್ಲಿ ಎತ್ತಿದ. ಎತ್ತಿದ ಚೆಂಡು ಗಿಡ್ಡವಾಗಿ ಸ್ಮ್ಯಾಶರ್ ಬೈದ. ಅವನು ಬೈಸಿಕೊಂಡದ್ದು ನನ್ನ ಕಿವಿಗೆ ಇಂಪಾಗಿ ಕೇಳಿಸಿತು. ಎರಡನೇ ದಿನದಿಂದ ಬೇಕಂತಲೇ ಮಾಡಿದೆ. ತೀರಾ ಕೆಟ್ಟ ಪಾಸ್ ಕೊಟ್ಟರೆ ನನ್ನ ಹೆಸರು ಕೆಡುತ್ತದೆ. ಒಂದೇ ಒಂದು ಹೆಜ್ಜೆ ಹಿಂದೆ ಹಾಕಿದರೆ ನೋಡುವವರಿಗೆ ನನ್ನದು ಒಳ್ಳೆಯ ಪಾಸ್, ಅವನದು ಕೆಟ್ಟ ಎತ್ತುವಿಕೆ. ಭುಜವನ್ನು ಒಂದಿಷ್ಟು ನೆಟ್ಟಗಿಟ್ಟರೆ ಮುಗಿಯಿತು, ಚೆಂಡು ಅಲ್ಲೇ ಹೋಗಿ ಬೀಳುತ್ತಿತ್ತು. ಕಲಿತ ವಿದ್ಯೆಯನ್ನೆಲ್ಲ ನಾನು ಅದಕ್ಕೆ ಸುರಿದೆ.

ಅವನು ಒಮ್ಮೆಯೂ ದೂರಲಿಲ್ಲ. ಪ್ರತಿ ಸಲವೂ "ಸಾರಿ ಅಣ್ಣಾ" ಎನ್ನುತ್ತಿದ್ದ. ಅದಕ್ಕೂ ನನಗೆ ಉರಿಯುತ್ತಿತ್ತು. ಒಂದೆರಡು ತಿಂಗಳಲ್ಲಿ ಅವನ ಎತ್ತುವಿಕೆ ಸುಧಾರಿಸಿತು. ಆ ಕೆಟ್ಟ ಜಾಗದಿಂದಲೂ ಎಡತುದಿಗೆ ಚೆಂಡು ಸರಿಯಾಗಿ ತಲುಪತೊಡಗಿತು. ಹೇಗೆ ಸುಧಾರಿಸಿತೆಂದು ನಾನು ಯೋಚಿಸಲಿಲ್ಲ. ಇಷ್ಟು ಮಾಡಿದರೂ ಇವನು ಕೆಡುತ್ತಿಲ್ಲವಲ್ಲ ಎಂದು ಸಿಟ್ಟು ಬಂತು, ಅಷ್ಟೇ.

ಆಯ್ಕೆ ಶಿಬಿರಕ್ಕೆ ಐದು ದಿನ ಮೊದಲು, ಭಾನುವಾರ, ಮಸ್ಕಿಯಲ್ಲಿ ಪಂದ್ಯಾವಳಿ ಇತ್ತು. ಪಾಮನಕಲ್ಲೂರಿನಿಂದ ನಮ್ಮ ಊರಿನವರೂ ನೋಡಲು ಬಂದಿದ್ದರು. ನಾನು ಹಸಿರು ಅಂಗಿ ಹಾಕಿ ಹಿಂದೆ ನಿಂತದ್ದನ್ನು ಕಂಡು ಒಬ್ಬರು, "ಯಾಕಪಾ, ನಿನ್ನ ಟೀಮಿನಿಂದ ತಗದಾರೇನು?" ಎಂದು ಎಲ್ಲರೆದುರು ಕೇಳಿದರು. ನೆಟ್ ಹತ್ತಿರ ಉದ್ದನಾವ ಎತ್ತುತ್ತಿದ್ದ, ಜನ ಸಿಳ್ಳು ಹಾಕುತ್ತಿದ್ದರು. ಆ ಸಿಳ್ಳು ನನ್ನದಾಗಬೇಕಿತ್ತು.

ಸೆಮಿಫೈನಲ್. ಕೊನೆಯ ಸೆಟ್, ಇಬ್ಬರೂ ಸಮ. ಎದುರಾಳಿ ಹೊಡೆದ ಚೆಂಡು ನೇರ ಉದ್ದನಾವನ ಕಡೆಗೇ ಬಂದು, ಅವನು ಅದನ್ನು ಹೇಗೋ ಮೇಲೆತ್ತಿದ. ಮೊದಲ ಸ್ಪರ್ಶ ಅವನದಾದ್ದರಿಂದ ಎರಡನೆಯದು ಅವನಿಗಿಲ್ಲ. ಆಗ ಎತ್ತಿಕೊಡುವ ಪಾಳಿ ಲಿಬೆರೋನದು, ಆದರೆ ಅದಕ್ಕೊಂದು ನಿಯಮ ಇದೆ. ನೆಟ್ಟಿನಿಂದ ಮೂರು ಮೀಟರ್ ದೂರದಲ್ಲಿ ಒಂದು ಗೆರೆ. ಅದರ ಮುಂದೆ ನಿಂತು ಲಿಬೆರೋ ಬೆರಳಿನಿಂದ ಎತ್ತಿದ ಚೆಂಡನ್ನು ಯಾರೂ ನೆಟ್ ಮೇಲಿಂದ ಹೊಡೆಯುವಂತಿಲ್ಲ. ಮುಂಗೈಯಿಂದ ಎತ್ತಬಹುದು, ಇಲ್ಲವೇ ಗೆರೆಯ ಹಿಂದೆ ನಿಂತು ಎತ್ತಬಹುದು. ಆರು ತಿಂಗಳಲ್ಲಿ ಸರ್ ಇದನ್ನು ನನಗೆ ನೂರು ಸಲ ಹೇಳಿದ್ದರು.

ಚೆಂಡು ನನ್ನ ಹಣೆಯ ಮೇಲೆ ಇಳಿಯುತ್ತಿತ್ತು. ಎರಡು ಹೆಜ್ಜೆ ಮುಂದೆ ಹೋದೆ. ಬೆರಳು ತಾವಾಗಿ ಅರಳಿದವು. ಮೂರು ವರ್ಷದಲ್ಲಿ ನಾನು ಎತ್ತಿದ ಚೆಂಡುಗಳಲ್ಲೇ ಅದು ಚಂದದ್ದು. ಸದ್ದಿಲ್ಲದೆ ಕೈ ಬಿಟ್ಟು, ಎಡತುದಿಯಲ್ಲಿ ಸ್ಮ್ಯಾಶರ್‌ನ ಅಂಗೈಗೆ ಸರಿಯಾಗಿ ನಿಂತಿತು. ಅವನು ಹೊಡೆದ. ಮಸ್ಕಿಯ ಜನ ಹೋ ಎಂದು ಎದ್ದುನಿಂತರು. ಆಗ ಅಂಪೈರ್ ಸೀಟಿ ಊದಿ ನನ್ನ ಕಾಲ ಕಡೆ ಬೆರಳು ತೋರಿಸಿದ. ಗೆರೆ ನನ್ನ ಹಿಂದೆ ಇತ್ತು. ಅಂಕ ಅವರಿಗೆ ಹೋಯಿತು, ಮುಂದಿನದೂ ಅವರಿಗೇ ಹೋಗಿ ನಾವು ಸೋತೆವು.

ಸರ್ ಬೈಯುತ್ತಾರೆಂದು ಕಾದೆ. ಅವರು ನೆಟ್ ಸುತ್ತುತ್ತ ಹೇಳಿದರು: "ಬೆರಳಿಲೆ ಎತ್ತಿದ್ದು ಬಿಡು. ಮೂರು ವರ್ಷದ ಚಟ, ಒಂದ ದಿನಕ್ಕ ಹೋಗಂಗಿಲ್ಲ. ನಾ ಪಾಸಿನ ಮಾತು ಕೇಳಾಕತ್ತೀನಿ. ಬುಟ್ಟಿಗೆ ಹತ್ತಕ್ಕ ಒಂಬತ್ತು ಹಾಕ್ತಿ. ಅವಗ ಹತ್ತಕ್ಕ ಎರಡು. ಯಾಕ?"

ನಾನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದೆ.

"ಬುಟ್ಟಿ ಮ್ಯಾಲ ನಿನಗ ಹೊಟ್ಟಿಕಿಚ್ಚಿಲ್ಲ, ಅದಕ್ಕ," ಎಂದು ನೆಟ್ಟನ್ನು ಚೀಲಕ್ಕೆ ತುರುಕಿದರು. "ಹೈದರಾಬಾದಿನ್ಯಾಗ ನಿನ್ನ ಪಾಸಿಗೆ ನಂಬರ್ ಹಾಕ್ತಾರ. ಚಕ್ರದಾಗ ಬಿದ್ರ ಮೂರು, ಹೆಜ್ಜಿ ತಪ್ಪಿದ್ರ ಎರಡು. ಅವನ ಕಾಲಾಗ ಕಲ್ಲು ಹಾಕಾಕ ಹೋಗಿ ನಿನ್ನ ಕಾಲು ಒಡಕೋಬ್ಯಾಡ."

ಮಸ್ಕಿಯಿಂದ ಸಿಂಧನೂರಿಗೆ ನಾವು ಹತ್ತಿದ ಬಸ್ಸಿಗೆ ನನ್ನ ಅಪ್ಪನೇ ಕಂಡಕ್ಟರ್. ಬಸ್ಸು ಗಿಜಿಗಿಜಿ. ಉದ್ದನಾವನ ತಲೆ ಮೇಲಿನ ಸರಳಿಗೆ ಬಡಿಯುತ್ತಿತ್ತು. ಅಪ್ಪ ಜನರ ನಡುವೆ ದಾರಿ ಮಾಡಿ ಅವನನ್ನು ಕರೆದು, "ಕಾಲು ಉದ್ದ ಅದಾವ, ನಿಂತು ಸಾಯಬ್ಯಾಡ. ನನ್ನ ಸೀಟಿನ್ಯಾಗ ಕೂಡಪ್ಪ," ಎಂದ. ಆಮೇಲೆ ನನಗೆ ಟಿಕೆಟ್ ಹರಿದುಕೊಡುತ್ತ, "ಭಾರಿ ಎತ್ತತಾನಲೇ ಅಂವ. ಜನಾ ಎಲ್ಲಾ ಮಾತಾಡಾಕತ್ತಿದ್ರು," ಎಂದ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ನಾನು ಸಿಂಧನೂರಿನ ತನಕ ನಿಂತೇ ಹೋದೆ, ನನ್ನ ಅಪ್ಪನ ಸೀಟಿನಲ್ಲಿ ಅವನು ಕೂತಿದ್ದ.

ಪರೀಕ್ಷೆ ಇದ್ದುದರಿಂದ ಆ ವಾರ ಅಭ್ಯಾಸ ಇರಲಿಲ್ಲ. ಆದರೆ ಸರ್ ಅವರ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಹೈದರಾಬಾದಿನಲ್ಲಿ ಚೊಕ್ಕವಾಗಿ ಪಾಸ್ ಹಾಕಬೇಕೆಂದು ತೀರ್ಮಾನಿಸಿದೆ. ಆದರೆ ಅದಕ್ಕೆ ಮೊದಲು ಅವನಿಗೆ ನಿಜ ಹೇಳಿಬಿಡಬೇಕು ಅನಿಸಿತು. ಬುಧವಾರ ಬೆಳಿಗ್ಗೆ ಸೈಕಲ್ ಹತ್ತಿ ಕ್ಯಾಂಪಿಗೆ ಹೋದೆ. ಕಾಲುವೆ ದಾಟಿ ಬೇವಿನಮರದ ಹತ್ತಿರ ಅವರ ಮನೆ. ಅಂಗಳದ ತುಂಬ ಭತ್ತ ಹರಡಿತ್ತು. ಒಂದು ಮೂಲೆಯನ್ನು ಮಾತ್ರ ಗುಡಿಸಿ ಖಾಲಿ ಮಾಡಿದ್ದರು. ಬೇವಿನಮರದಿಂದ ಮನೆಯ ಕಂಬಕ್ಕೆ ಹಗ್ಗ ಕಟ್ಟಿತ್ತು, ಅದು ನೆಟ್. ಹಗ್ಗದ ಹತ್ತಿರ ಸುಣ್ಣದ ಒಂದು ಚಕ್ರ. ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಒಂದು ಹೆಜ್ಜೆ ಹಿಂದೆ ಇನ್ನೊಂದು ಚಕ್ರ, ತುಳಿದು ತುಳಿದು ಅದರ ಸುಣ್ಣ ಮಾಸಿತ್ತು.

ಆ ಎರಡನೇ ಚಕ್ರದಲ್ಲಿ ಉದ್ದನಾವ ನಿಂತಿದ್ದ. ಅವನ ತಾಯಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಚೆಂಡನ್ನು ಮೇಲೆ ಎಸೆಯುತ್ತಿದ್ದಳು. ಪ್ರತಿ ಸಲವೂ ಅದು ಅದೇ ಹಿಂದಿನ ಚಕ್ರದಲ್ಲಿ ಇಳಿಯುತ್ತಿತ್ತು.

"ಬರ್ರಿ ಅಣ್ಣಾ," ಎಂದ ಅವನು. "ಮಾ, ನಾ ಹೇಳ್ತಿದ್ನಲ್ಲ, ಅವ್ರ ಇವ್ರು."

ಆಕೆ ಕೈ ಒರೆಸಿಕೊಂಡು ನಕ್ಕಳು. "ನಿನ್ನಂಗ ಹಾಕಾಕ ಬರ್ತೈತೇನು ನೋಡಪ್ಪ. ಅಣ್ಣ ಹಾಕೋ ಬಾಲ್ ಇಲ್ಲೇ ಬೀಳ್ತೈತಿ, ಇಲ್ಲೇ ಹಾಕು ಅಂತ ದಿನಾ ನನ್ನ ಜೀವಾ ತಿಂತಾನ. ನಾಟಿ ಹಚ್ಚೋ ಕೈಗೆ ಬಾಲ್ ಹಿಡಿಸ್ಯಾನ."

"ಈ ಕಾಟು ಹಾಕಿದ್ದು ಯಾಕ?" ಎಂದು ಮೊದಲ ಚಕ್ರ ತೋರಿಸಿ ಕೇಳಿದೆ. ನನಗೆ ಉತ್ತರ ಗೊತ್ತಿತ್ತು.

"ಅದು ಸರ್ ಹೇಳಿದ ಜಾಗ. ಅಲ್ಲಿ ನಿಂತು ಹಿಂದಕ ಓಡೂದ್ರಾಗ ತಡಾ ಆಗ್ತಿತ್ತು. ನಿಮ್ಮ ಬಾಲ್ ಯಾವಾಗ್ಲೂ ಇಲ್ಲೇ ಬರ್ತೈತಿ, ಒಂದು ಗೇಣೂ ತಪ್ಪಂಗಿಲ್ಲ. ಅದಕ್ಕ ನಾನ ಜಾಗಾ ಬದಲಿ ಮಾಡಿದೆ. ಚಲೋ ಸೆಟ್ಟರ್ ಹಿಂದ ನಿಂತು ಎತ್ತತಾನ, ಅದಕ್ಕ ಅಣ್ಣ ಹಂಗ ಹಾಕಾಕತ್ತಾರ ಅಂತ ತಿಳಕೊಂಡೆ."

ಆಕೆ ಸಾಸಿವೆ ಎಣ್ಣೆ ಹಚ್ಚಿದ ಮಂಡಕ್ಕಿ, ಹಸಿಮೆಣಸಿನಕಾಯಿ ತಂದಿಟ್ಟಳು. ತಿಂದೆ. ಹೇಳಬೇಕೆಂದು ಬಂದ ಮಾತು ಮಂಡಕ್ಕಿಯ ಜತೆ ಒಳಗೇ ಹೋಯಿತು. ಆ ತಾಯಿಯ ಎದುರಿಗೆ, ಇಷ್ಟು ದಿನ ನೀನು ಎಸೆದದ್ದು ನನ್ನ ಕೆಟ್ಟ ಬುದ್ಧಿ ಎಂದು ಯಾವ ಬಾಯಲ್ಲಿ ಹೇಳಲಿ? ಹೇಡಿಯಂತೆ ಸೈಕಲ್ ಹತ್ತಿ ಬಂದೆ. ದಾರಿಯಲ್ಲಿ ನನಗೆ ಬಂದ ಯೋಚನೆಯನ್ನೂ ಬರೆಯುತ್ತೇನೆ: ನನಗೂ ಹೀಗೆ ದಿನಾ ಬೆಳಿಗ್ಗೆ ಚೆಂಡು ಎಸೆಯುವವರು ಮನೆಯಲ್ಲಿದ್ದಿದ್ದರೆ! ನಾಚಿಕೆಯ ನಡುವೆಯೂ ಹೊಟ್ಟೆಕಿಚ್ಚಿಗೆ ಜಾಗ ಇತ್ತು.

ಸರ್ ಉದ್ದನಾವನನ್ನೂ ನನ್ನ ಜತೆ ಶಿಬಿರಕ್ಕೆ ಕಳಿಸಿದ್ದರು. ಹೈದರಾಬಾದಿನ ಒಳಾಂಗಣದಲ್ಲಿ ಕೊಟ್ಟ ಫಾರಮ್ಮಿನಲ್ಲಿ ಯಾವ ಸ್ಥಾನದ ಆಟಗಾರ ಎಂದು ಒಂದು ಕಾಲಂ ಇತ್ತು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ನನ್ನ ಪಕ್ಕದಲ್ಲಿ ಫಾರಂ ತುಂಬುತ್ತಿದ್ದ ಸೆಟ್ಟರ್‌ಗಳೆಲ್ಲ ಕುರ್ಚಿಯಲ್ಲಿ ಕೂತೂ ನನ್ನಷ್ಟು ಎತ್ತರ ಇದ್ದರು. ಲಿಬೆರೋ ಎಂದು ಬರೆದೆ.

ಮೊದಲ ದಿನ ಎತ್ತರ, ಜಿಗಿತ, ಓಟ. ಎರಡನೇ ದಿನ ಪಾಸ್ ಪರೀಕ್ಷೆ. ಅಲ್ಲಿ ಗುರಿಗೆ ಬಲೆ ಕಟ್ಟಿದ ಒಂದು ಬಳೆ ಇಟ್ಟಿದ್ದರು, ನಮ್ಮ ಬುಟ್ಟಿಯ ಶ್ರೀಮಂತ ತಮ್ಮ. ನಾನು ಲಿಬೆರೋಗಳ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹಾಕಿದೆ. ಅಂಕ ಬರೆಯುತ್ತಿದ್ದ ಆಯ್ಕೆಗಾರ ತಲೆಯೆತ್ತಿ ನನ್ನ ಎದೆಯ ನಂಬರ್ ನೋಡಿದ. ಆ ಒಂದು ನೋಟಕ್ಕೆ ಹೊಟ್ಟಿನ ತುರಿಕೆ, ಕಿತ್ತ ಗದ್ದ, ಎಲ್ಲ ಸಂದಾಯವಾಯಿತು.

ಮೂರನೇ ದಿನ ಆಟ. ಆಟಗಾರರನ್ನು ಕಲಸಿ ತಂಡ ಮಾಡಿದರು. ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ನನ್ನ ಮತ್ತು ಉದ್ದನಾವನ ನಂಬರ್ ಒಂದೇ ತಂಡದಲ್ಲಿತ್ತು. ಅವನು ಹಿಗ್ಗಿ ನನ್ನ ಕೈ ಹಿಡಿದ. "ಪುಣ್ಯ ಮಾಡೀವಿ ಅಣ್ಣಾ. ನಿಮ್ಮ ಬಾಲ್ ಆದ್ರ ನನಗ ಕಣ್ಣು ಮುಚ್ಚಿದ್ರೂ ಗೊತ್ತಾಗ್ತೈತಿ," ಎಂದ.

ಮೊದಲ ಸರ್ವಿಸ್ ಬಂತು. ಭುಜ ವಾಲಿಸಿದೆ. ಚೆಂಡು ನೆಟ್ ಪಕ್ಕದ ಗುರಿಯ ಜಾಗಕ್ಕೆ, ಬುಟ್ಟಿ ಇದ್ದಿದ್ದರೆ ಬುಟ್ಟಿಯೊಳಗೆ, ಇಳಿಯಿತು. ಅಲ್ಲಿ ಉದ್ದನಾವ ಇರಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತಿದ್ದ. ಮುಂದಕ್ಕೆ ಮುಗ್ಗರಿಸಿ, ತಡವಾಗಿ ಮುಟ್ಟಿ, ಚೆಂಡನ್ನು ನೆಟ್ಟಿಗೆ ತೂರಿದ. ಆಯ್ಕೆಗಾರ ನನ್ನ ಹೆಸರಿನ ಮುಂದೆ ಮೂರು ಬರೆದಿರಬೇಕು. ಅವನ ಮುಂದೆ ಏನು ಬರೆದನೋ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹರಿಯಾಣದ ಸ್ಮ್ಯಾಶರ್ ಒಬ್ಬ ಉದ್ದನಾವನ ಕಡೆ ಕೈ ಬೀಸಿ ಹಿಂದಿಯಲ್ಲಿ ಬೈದ. ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ಎರಡು ತಿಂಗಳು ಕೆಟ್ಟ ಪಾಸ್ ಹಾಕಿ ಆಗದ ಕೆಲಸ ಮೂರು ಒಳ್ಳೆಯ ಪಾಸಿಗೆ ಆಗುತ್ತಿತ್ತು. ಅದೂ ನನ್ನ ಅಂಕ ಏರುತ್ತ! ಯಾರೂ ನನ್ನತ್ತ ಬೆರಳು ತೋರಿಸುವಂತಿರಲಿಲ್ಲ.

ನಾಲ್ಕನೆಯದು ಕೆಟ್ಟ ಮೇಲೆ ಅವನು ತನ್ನ ಕಾಲು ನೋಡಿಕೊಂಡ. ಬೂಟಿನ ತುದಿಯಿಂದ ನೆಲ ಉಜ್ಜಿ, ಏನನ್ನೋ ಹುಡುಕಿದ. ನುಣುಪಾದ ಆ ನೆಲದ ಮೇಲೆ ಅವನ ಅಂಗಳದ ಚಕ್ರ ಇರಲಿಲ್ಲ. ತಾನೇ ಎಲ್ಲೋ ತಪ್ಪು ಜಾಗದಲ್ಲಿ ನಿಂತಿದ್ದೇನೆ ಎಂದುಕೊಂಡು ನೆಟ್ಟಿನಿಂದ ಹೆಜ್ಜೆ ಅಳೆದು, ಅಂಗಳದ ಲೆಕ್ಕದಂತೆ ಮತ್ತೆ ಅಲ್ಲೇ ನಿಂತ. ನನ್ನತ್ತ ತಿರುಗಿ, ತುಟಿ ಅಲ್ಲಾಡಿಸಿದ. ಸಾರಿ ಅಣ್ಣಾ.

ಅಷ್ಟು ಹೊತ್ತಿಗೆ ಆ ಕಡೆಯವನು ಸರ್ವಿಸ್‌ಗೆ ಚೆಂಡು ಹಿಡಿದು ನಿಂತಿದ್ದ. ನನ್ನದೇನು ದೊಡ್ಡ ಮನಸ್ಸಲ್ಲ. ಅವನು ಸೋಲಬೇಕೆಂದು ನನಗೆ ಆಗಲೂ ಆಸೆ ಇತ್ತು. ಆದರೆ ಅವನು ತನ್ನ ತಪ್ಪಿನಿಂದ ಸೋಲಬೇಕಿತ್ತು, ನನಗಿಂತ ಕಡಿಮೆ ಆಟಗಾರ ಆದ್ದರಿಂದ ಸೋಲಬೇಕಿತ್ತು. ಇಲ್ಲಿ ಸೋಲುತ್ತಿದ್ದದ್ದು ನಾನು ಹೇಳಿದ ಸುಳ್ಳನ್ನು ನಿಜವೆಂದು ನಂಬಿ ಅಭ್ಯಾಸ ಮಾಡಿದವನು. ಚೆಂಡು ಎಸೆದೆಸೆದು ಅವನ ತಾಯಿಯ ಕೈ ನನ್ನ ಕೈಯಂತೆ ಆಗಿತ್ತು. ಹೀಗೆ ಗೆದ್ದರೆ ನಾನು ಸೆಟ್ಟರ್ ಆಗಿ ಅವನಿಗಿಂತ ಮೇಲು ಎಂದು ನನಗೆ ನಾನೇ ಇನ್ನು ಯಾವತ್ತೂ ಹೇಳಿಕೊಳ್ಳುವಂತಿರಲಿಲ್ಲ.

ಸರ್ವಿಸ್ ನಡುಗುತ್ತ ಬಂತು. ಭುಜವನ್ನು ಒಂದಿಷ್ಟು ನೆಟ್ಟಗಿಟ್ಟೆ. ಚೆಂಡು ಒಂದು ಹೆಜ್ಜೆ ಹಿಂದೆ ಬಿತ್ತು.

ಉದ್ದನಾವ ಅಲ್ಲಾಡಬೇಕಾಗಲಿಲ್ಲ. ಕೈ ಎತ್ತಿದ, ಅಷ್ಟೇ. ಎಡತುದಿಗೆ ಹೋದ ಆ ಚೆಂಡನ್ನು ಹರಿಯಾಣದವನು ನೆಲ ಅದುರುವಂತೆ ಹೊಡೆದ. ಆಯ್ಕೆಗಾರನ ಪೆನ್ನು ನನ್ನ ಸಾಲಿನಲ್ಲಿ ಆಡಿದ್ದು ಕಂಡಿತು. ಎರಡು. ಮುಂದಿನದಕ್ಕೂ ಎರಡು. ಅದರ ಮುಂದಿನದಕ್ಕೂ. ಆ ದಿನ ಸಂಜೆಯ ತನಕ ನಾನು ಅವನಿಗೆ ಹಾಕಿದ ಪಾಸೆಲ್ಲ ಅದೇ ಜಾಗಕ್ಕೆ. ಹಿಂದೆ ನಿಂತು ಎತ್ತುತ್ತಿದ್ದುದರಿಂದ ಅವನ ಮುಂದೆ ಇಡೀ ಅಂಗಳ ತೆರೆದಿತ್ತು. ಎತ್ತ ಎತ್ತುತ್ತಾನೆಂದು ಎದುರಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಅಷ್ಟು ಚಂದದ ಸೆಟ್ಟರ್ ಆಟವನ್ನು ನಾನು ಮೊದಲ ಸಲ ನೋಡಿದೆ, ಮತ್ತು ಅದನ್ನು ನೋಡಲು ನನಗೆ ಸಿಕ್ಕಿದ್ದೇ ಎಲ್ಲಕ್ಕಿಂತ ಒಳ್ಳೆಯ ಜಾಗ.

ಮರುದಿನ ಬೆಳಿಗ್ಗೆ ಗಾಜಿನ ಬಾಗಿಲಿಗೆ ಪಟ್ಟಿ ಹಚ್ಚಿದರು. ಅವನ ನಂಬರ್ ಇತ್ತು. ನನ್ನದು ಇರಲಿಲ್ಲ. ಸರ್‌ಗೆ ಫೋನ್ ಮಾಡಿ ಹೇಳಿದೆ. "ಪಾಸು ಎಲ್ಲಿ ಹಾಕಿದಿ?" ಎಂದು ಕೇಳಿದರು.

"ಹಿಂದ ಹ್ವಾದ್ವು ಸರ್."

"ಮತ್ತ ಹೊಟ್ಟಿಕಿಚ್ಚೇನಲೇ?"

ಹೌದೆಂದೆ. ಬೇರೆ ಏನು ಹೇಳಿದರೂ ಅವರು ನಂಬುತ್ತಿರಲಿಲ್ಲ, ನಾನೇ ನಂಬುತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಉದ್ದನಾವ ಎರಡು ಚಹಾ ತಂದ. ಅವನಿಗೆ ಖುಷಿ ಪಡಲು ಸಂಕೋಚ, ನನ್ನ ಮುಖ ನೋಡಿ ನೋಡಿ ಕಪ್ಪು ತಿರುಗಿಸುತ್ತಿದ್ದ. ಕೊನೆಗೆ ಕೇಳಿಯೇ ಬಿಟ್ಟ.

"ಅಣ್ಣಾ, ಸಿಟ್ಟಾಗಬ್ಯಾಡ್ರಿ. ಮೊದಲಿನ ನಾಕು ಬಾಲ್ ಯಾಕ ಹಂಗ ಕೆಟ್ಟು ಬಿದ್ವು? ಹೆದರಿದ್ರೇನು?"

ಅವನ ಮುಖ ನೋಡಿದೆ. ಅಣಕವಿರಲಿಲ್ಲ.

"ಹೂಂ," ಎಂದೆ. "ಹೆದರಿದ್ದೆ."

"ನನಗ ಗೊತ್ತಾತು. ಆಮ್ಯಾಲ ಬರಾಬರಿ ಆದ್ವು ನೋಡ್ರಿ. ನಿಮ್ಮ ಬಾಲ್ ಬಂದ ಮ್ಯಾಲ ನನಗ ಜೀವಾ ಬಂತು. ಆ ನಾಕು ಸರಿ ಬಿದ್ದಿದ್ರ ನಿಮ್ಮ ಹೆಸರೂ ಇರ್ತಿತ್ತು."

ಚಹಾ ಮುಗಿಸಿದೆ. ಸಿಂಧನೂರು ಬಸ್ಸು ಬಂತು.

ಮರುವರ್ಷ ಇನ್ನೊಮ್ಮೆ ಹೋಗಿ ಬಂದೆ, ಆಗಲಿಲ್ಲ. ಈಗ ಸರ್ ಅವರ ಬದಲು ನಾನು ಸಿಂಧನೂರಿನಲ್ಲಿ, ಮಸ್ಕಿಯಲ್ಲಿ ಪಾಸ್ ಕಲಿಸುತ್ತೇನೆ. ಬುಟ್ಟಿ ಅದೇ ಇದೆ. ಲೀಗ್ ನಡೆಯುವ ದಿನಗಳಲ್ಲಿ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಟೀವಿಗೆ ಹುಡುಗರ ಜತೆ ನಾನೂ ಕೂಡುತ್ತೇನೆ. ಉದ್ದನಾವ ಆಡುತ್ತಾನೆ. ಇವನು ಎಲ್ಲ ಸೆಟ್ಟರ್‌ಗಳಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾನೆ, ಅದು ಇವನದೇ ಶೈಲಿ ಎಂದು ಟೀವಿಯಲ್ಲಿ ಮಾತಾಡುವವರು ಪ್ರತಿ ಸಲವೂ ಹೇಳುತ್ತಾರೆ. ಹುಡುಗರು ನನ್ನನ್ನು ಅದರ ಬಗ್ಗೆ ಕೇಳುತ್ತಾರೆ. ಹೌದು, ಅವನದೇ ಶೈಲಿ ಎನ್ನುತ್ತೇನೆ.

ಹೊಟ್ಟೆಕಿಚ್ಚು ಹೋಗಿಲ್ಲ. ಅವನ ತಂಡದಲ್ಲಿ ಬೇರೆ ಬಣ್ಣದ ಅಂಗಿಯವನೊಬ್ಬ ಇದ್ದಾನೆ, ಎತ್ತರದಲ್ಲಿ ನನ್ನಷ್ಟೇ. ಸರ್ವಿಸ್ ಬಂದಾಗ ಭುಜ ನೆಟ್ಟಗಿಟ್ಟು, ಚೆಂಡನ್ನು ಸರಿಯಾಗಿ ಒಂದು ಹೆಜ್ಜೆ ಹಿಂದೆ ಇಳಿಸುತ್ತಾನೆ. ಉದ್ದನಾವ ಅವನ ಕಡೆ ತಿರುಗಿ ಹೆಬ್ಬೆರಳು ಎತ್ತುತ್ತಾನೆ. ಇಡೀ ಹೋಟೆಲು ಉದ್ದನಾವನನ್ನು ನೋಡುತ್ತಿರುತ್ತದೆ, ನಾನು ಆ ಇನ್ನೊಬ್ಬನನ್ನು ನೋಡುತ್ತಾ ಕೂತಿರುತ್ತೇನೆ.